ದೂರವೋ, ಬೆಳಕೋ?

ಕ್ಯಾಮರಾ ಕೊಳ್ಳಹೊರಟ ವಿದ್ಯಾರ್ಥಿಯ ಮುಂದೆ ಇಂದು ಎರಡು ದಾರಿಗಳಿವೆ: ಜೇಬಿನಲ್ಲಡಗುವ ಸೂಪರ್‌ಜೂಮ್ ಒಂದು, ಮಸೂರವನ್ನು ಬದಲಿಸಬಹುದಾದ ಮಿರರ್‌ಲೆಸ್ ಇನ್ನೊಂದು. ಮೊದಲನೆಯದರ ಜಾಹೀರಾತು ಜೂಮಿನ ಅಂಕಿಯನ್ನು ಎತ್ತಿ ಸಾರುತ್ತದೆ. ಒಳಗಿನ ಸಂವೇದಕದ ಅಳತೆಯ ಮಾತೆತ್ತುವುದಿಲ್ಲ. ಆಯ್ಕೆಯ ಮರ್ಮವಿರುವುದು ಆ ಹೇಳದ ಅಳತೆಯಲ್ಲಿಯೇ.

2018ರಲ್ಲಿ ಬಂದ ಕ್ಯಾನನ್ ಎಸ್‌ಎಕ್ಸ್ 740ರ ಜೂಮ್ 40 ಪಟ್ಟು. ಸಂವೇದಕವಾದರೋ ಸುಮಾರು 28 ಚದರ ಮಿಲಿಮೀಟರು. ಎಪಿಎಸ್-ಸಿ ಅಳತೆಯ ಮಿರರ್‌ಲೆಸ್ಸಿನಲ್ಲಿ ಅದು ಸುಮಾರು 330ಕ್ಕೆ ಏರುತ್ತದೆ. ಬೆಳಕನ್ನು ಹಿಡಿಯುವ ಬೊಗಸೆಯೇ ಹನ್ನೆರಡು ಪಟ್ಟು ದೊಡ್ಡದು.

ಬೇಲೂರಿನಲ್ಲಿ ಈ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಚೆನ್ನಕೇಶವನ ಗುಡಿಯ ಹೊರಗೆ, ಹಗಲಿನ ಬೆಳಕಿನಲ್ಲಿ, ಸೂರಿನಡಿಯ ಮದನಿಕೆಯರನ್ನು ಸೂಪರ್‌ಜೂಮ್ ಕೈಗೆಟುಕುವಂತೆ ತಂದುಕೊಡುತ್ತದೆ. ಮಿರರ್‌ಲೆಸ್ಸಿಗೆ ಅದು ಸಾಧ್ಯವಾಗಬೇಕಾದರೆ ಭಾರವಾದ, ದುಬಾರಿಯಾದ ಮಸೂರ ಬೇಕು. ಆದರೆ ಒಳಗೆ, ನವರಂಗದ ಮಬ್ಬಿನಲ್ಲಿಯೂ ನಾಲ್ವರು ಮದನಿಕೆಯರಿದ್ದಾರೆ. ಅಲ್ಲಿ ಜೂಮನ್ನು ಚಾಚಿದಷ್ಟೂ ಬೆಳಕು ಕುಗ್ಗಿ, ಉಳಿ ಕಡೆದ ಗೆರೆಗಳು ಚಿತ್ರದಲ್ಲಿ ಕದಡಿಹೋಗುತ್ತವೆ.

ಹಕ್ಕಿಗಳ ಬೆನ್ನು ಹತ್ತಿದವನು ಸೂಪರ್‌ಜೂಮನ್ನೇ ಕೊಳ್ಳಲಿ. ಹಕ್ಕಿ ನಮಗಾಗಿ ಕಾಯದು. ಶಿಲ್ಪ, ಶಾಸನ, ತಾಳೆಗರಿಗಳ ಅಭ್ಯಾಸಕ್ಕಿಳಿದವನಿಗೆ ಮಾತ್ರ ಮಿರರ್‌ಲೆಸ್ಸೇ ತಕ್ಕುದು. ಹೊಸದಕ್ಕೆ ಹಣ ಸಾಲದಿದ್ದರೆ ಒಬ್ಬರು ಬಳಸಿದ್ದಾದರೂ ಸರಿ. ಮಸುಕು ಚಿತ್ರದಲ್ಲಿ ಒಂದಕ್ಷರ ತಪ್ಪಿದರೆ ಶಾಸನದ ಪಾಠವೇ ತಪ್ಪುವುದಲ್ಲವೆ? ಶಾಸನದ ಕಲ್ಲು ಓಡಿಹೋಗುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ದೂರ ಸವೆಯುತ್ತದೆ. ಕತ್ತಲೆಯನ್ನು ಸವೆಸಲು ಕಾಲಿಗೆ ಶಕ್ತಿಯಿಲ್ಲ.