ಕಂಪ್ಯೂಟರ್ ಕೊಟ್ಟ ತೀರ್ಪು
ಬೇರೆ ಬೇರೆ ಕಾಲದ ಹೆವಿವೇಟ್ ಬಾಕ್ಸರ್‌ಗಳನ್ನು ಎದುರುಬದುರು ನಿಲ್ಲಿಸಿ ವಾದಕ್ಕಿಳಿಯುವವರು 1969ರ ಮಯಾಮಿಯನ್ನು ಮರೆಯಬಾರದು. 49 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೊ, ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆನೆಂದು ಕಿರೀಟ ಕಳೆದುಕೊಂಡಿದ್ದ ಮೊಹಮ್ಮದ್ ಅಲಿ, ಇಬ್ಬರೂ ಅಲ್ಲಿನ ಸ್ಟುಡಿಯೊದಲ್ಲಿ ಕ್ಯಾಮೆರಾ ಮುಂದೆ ಒಂದೊಂದೇ ನಿಮಿಷದ ಸುತ್ತು ಆಡಿದರು. ಮಾರ್ಸಿಯಾನೊ ಮೈ ಕರಗಿಸಿ, ವಿಗ್ ಹಾಕಿಕೊಂಡು ಬಂದಿದ್ದ. ಗೆದ್ದವರಾರೆಂದು ಹೇಳಿದ್ದು ಕಂಪ್ಯೂಟರ್. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದಾಗ 13ನೇ ಸುತ್ತಿಗೆ ಅಲಿ ನೆಲಕ್ಕುರುಳಿದ. ಯುರೋಪಿನಲ್ಲಿ ತೋರಿಸಿದ್ದರಲ್ಲಿ ಗೆದ್ದವನು ಅಲಿ! ಅದನ್ನು ನೋಡಲು ಮಾರ್ಸಿಯಾನೊ ಇರಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, ಆಗಸ್ಟ್ 31ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ನನ್ನನ್ನು ಕೇಳಿದರೆ ಯಂತ್ರದ ಲೆಕ್ಕ ಬಿಟ್ಟು ತೋಳುಗಳನ್ನು ನೋಡಬೇಕು. ಚಾಚಿದರೆ ಅಲಿಯ ತೋಳಳತೆ ಸುಮಾರು 10 ಅಂಗುಲ ಹೆಚ್ಚು. ಮಾರ್ಸಿಯಾನೊ ಗೆಲ್ಲುತ್ತಿದ್ದುದು ಬಗ್ಗಿ ಒಳನುಗ್ಗಿ. 1952ರಲ್ಲಿ, ಅಂಕಗಳಲ್ಲಿ ಹಿಂದೆ ಬಿದ್ದಿದ್ದರೂ, 13ನೇ ಸುತ್ತಿನಲ್ಲಿ ಜೋ ವಾಲ್ಕಾಟ್‌ನನ್ನು ಕೆಡವಿದ ಆ ಬಲಗೈ ಏಟು ಸಾಮಾನ್ಯದ್ದಲ್ಲ. ಆದರೆ 1966ರಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್ಲೆಂಡ್ ವಿಲಿಯಮ್ಸ್‌ನನ್ನು ಮೂರೇ ಸುತ್ತಿಗೆ ಮುಗಿಸಿದ ಅಲಿ, ಆ ಕಾಲ್ಚಳಕದಲ್ಲಿ, ಅದಕ್ಕೆ ಎಟುಕುತ್ತಿರಲಿಲ್ಲ. 15 ಸುತ್ತು ನಡೆದರೆ, ಅಂಕಗಳ ಮೇಲೆ ಗೆಲ್ಲುವವನು ಅಲಿಯೇ.