ಮಲೆನಾಡಿನ ಮನೆಯೂ ಉಷ್ಣ ಉಳಿಸುವ ಯಂತ್ರವೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹಳೆಯ ಮನೆಗಳನ್ನು ಹೊಸದು ಮಾಡಿಸುವ ಕೆಲಸ ಭರದಿಂದ ಸಾಗಿದೆ. ಹಂಚಿನ ಮಾಡಿನ ಕೆಳಗೆ ನುಣುಪಾದ ಮುಚ್ಚಿಗೆ ಬರುತ್ತಿದೆ. ಮರದ ಸರಳಿನ ಕಿಟಕಿಯಿದ್ದಲ್ಲಿ ಅಲ್ಯೂಮಿನಿಯಮ್ ಚೌಕಟ್ಟಿನ ಗಾಜು ಕೂಡುತ್ತಿದೆ. ಸೌದೆಯ ಒಲೆ ಅಡಿಗೆಮನೆಯಿಂದ ನಿರ್ಗಮಿಸಿದೆ. ಮನೆಗೆ ಬೆಳಕು ಬಂದಿತು, ಧೂಳೂ ಹೊಗೆಯೂ ಕಡಿಮೆಯಾದವು. ಇದು ಸಂತೋಷದ ವಿಷಯವೇ. ಆದರೆ ಆರಿದ್ರಾ ಮಳೆ ಹಿಡಿದು ಆಶ್ಲೇಷಾ ಮುಗಿಯುವಷ್ಟರಲ್ಲಿ ಹೊಸ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ಕಪಾಟಿನ ಬಟ್ಟೆಗೂ ಪುಸ್ತಕದ ರಟ್ಟಿಗೂ ಮುಗ್ಗಿದ ವಾಸನೆ ಹತ್ತುತ್ತದೆ. ಇದಕ್ಕೆ ಪರಿಹಾರವೆಂದು ಒಂದು ಹೊಸ ಯಂತ್ರದ ಹೆಸರು ಕೇಳಿಬರುತ್ತಿದೆ. ಒಂದೇ ಕೋಣೆಯ ಗೋಡೆಯಲ್ಲಿ ಕೂಡಿಸಬಹುದಾದ, ಉಷ್ಣವನ್ನು ಉಳಿಸಿಕೊಂಡು ಗಾಳಿಯನ್ನು ಬದಲಿಸುವ ಯಂತ್ರವದು. ಅದು ಒಳ್ಳೆಯ ಯಂತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಉತ್ತರ ಕೊಡುವುದು ನಮ್ಮ ಪ್ರಶ್ನೆಗಲ್ಲ ಎಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ಯಂತ್ರದ ರೀತಿಯನ್ನು ನೋಡೋಣ. ಗೋಡೆಗೆ ಕೊರೆದ ರಂಧ್ರದಲ್ಲಿ ಒಂದು ಕೊಳವೆ. ಅದರೊಳಗೆ ಜೇನುಹುಟ್ಟಿನಂತೆ ಸಣ್ಣ ಕಂಡಿಗಳುಳ್ಳ ಸುಟ್ಟ ಜೇಡಿಯ ಗಟ್ಟಿ. ಅದರ ಬಳಿ ಒಂದು ಚಿಕ್ಕ ಫ್ಯಾನು. ಸುಮಾರು ಒಂದು ನಿಮಿಷ ಫ್ಯಾನು ಒಳಗಿನ ಬೆಚ್ಚನೆಯ ಗಾಳಿಯನ್ನು ಹೊರದೂಡುತ್ತದೆ. ಆಗ ಜೇಡಿಯ ಗಟ್ಟಿ ಕಾಯುತ್ತದೆ. ಮರುನಿಮಿಷ ಫ್ಯಾನು ತಿರುಗುಮುರುಗಾಗಿ ಹೊರಗಿನ ತಣ್ಣನೆಯ ಗಾಳಿಯನ್ನು ಒಳಗೆಳೆಯುತ್ತದೆ. ಆ ಗಾಳಿ ಗಟ್ಟಿಯ ಉಷ್ಣವನ್ನು ಹೊತ್ತುಕೊಂಡು ಬರುತ್ತದೆ. ಈ ತತ್ತ್ವ ಹೊಸದಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿಯೇ ತನ್ನ ಎಂಜಿನ್ನಿನಲ್ಲಿ ಇದನ್ನು ಬಳಸಿದನು. 1850ರ ದಶಕದಲ್ಲಿ ಸೀಮೆನ್ಸ್ ಸಹೋದರರು ಇದನ್ನು ಕುಲುಮೆಗಳಿಗೆ ಅಳವಡಿಸಿದರು.

ಇದರಿಂದ ಉಳಿಯುವ ಉಷ್ಣವೆಷ್ಟು? ಒಂದು ಘನಮೀಟರ್ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 1.2 ಕಿಲೋಜೂಲ್ ಬೇಕು. ಗಂಟೆಗೆ 30 ಘನಮೀಟರ್ ಗಾಳಿ ಬದಲಾಗುತ್ತಿರಲಿ. ಜರ್ಮನಿಯ ಚಳಿಗಾಲದಲ್ಲಿ ಒಳಗೆ 20 ಡಿಗ್ರಿ, ಹೊರಗೆ ಸೊನ್ನೆಯೆಂದರೆ, ಆ ಗಾಳಿಯೊಡನೆ ಹೊರಹೋಗುವ ಉಷ್ಣ 200 ವಾಟ್. ಅದರಲ್ಲಿ ನೂರಕ್ಕೆ 80 ಪಾಲನ್ನು ಯಂತ್ರ ಮರಳಿಸಿದರೆ 160 ವಾಟ್, ಎಂದರೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್. ಅಲ್ಲಿ ಮನೆಯನ್ನು ಕಾಯಿಸುವುದಕ್ಕೆ ಹಣ ತೆರಬೇಕಾಗಿರುವುದರಿಂದ ಇದು ನಿಜವಾದ ಉಳಿತಾಯ. 1991ರಲ್ಲಿ ಡಾರ್ಮ್‌ಷ್ಟಾಟ್ ನಗರದಲ್ಲಿ, ಗಾಳಿ ಸೋರದಂತೆ ಬಿಗಿಯಾಗಿ ಕಟ್ಟಿದ ಪ್ರಸಿದ್ಧ ಮನೆಗಳಿಗೆ ಉಷ್ಣ ಉಳಿಸುವ ವಾಯುಸಂಚಾರ ಅನಿವಾರ್ಯ ಅಂಗವಾದುದು ಇದರಿಂದಲೇ.

ಅದೇ ಯಂತ್ರವನ್ನು ಶಿರಸಿಗೆ ತನ್ನಿ. ಜುಲೈ ತಿಂಗಳ ಒಂದು ದಿನ ಹೊರಗೆ 22 ಡಿಗ್ರಿ, ಒಳಗೆ 25 ಡಿಗ್ರಿ ಇದೆಯೆನ್ನೋಣ. ಅಂತರ ಮೂರೇ ಡಿಗ್ರಿ. ಉಳಿಯುವುದು 24 ವಾಟ್. ಅದನ್ನಾದರೂ ನಾವು ಹಣ ಕೊಟ್ಟು ಕೊಂಡದ್ದಲ್ಲ. ನಮ್ಮ ಮೈಯಿಂದಲೂ ದೀಪಗಳಿಂದಲೂ ತಾನಾಗಿ ಬಂದ ಶಾಖವದು. ಖರ್ಚೇ ಇಲ್ಲದಲ್ಲಿ ಉಳಿತಾಯವೆಲ್ಲಿಂದ ಬಂದೀತು?

ಹಾಗಾದರೆ ಗಾಳಿಯನ್ನು ಬದಲಿಸುವುದೇ ಬೇಡವೇ? ಖಂಡಿತವಾಗಿ ಬೇಕು. ಹನ್ನೆರಡಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 40 ಘನಮೀಟರ್ ಗಾಳಿಯಿರುತ್ತದೆ. ನಿದ್ರಿಸುವ ಒಬ್ಬನು ಗಂಟೆಗೆ ಸುಮಾರು 14 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಕೋಣೆ ಪೂರ್ತಿ ಮುಚ್ಚಿದ್ದು ಇಬ್ಬರು ಎಂಟು ಗಂಟೆ ಮಲಗಿದರೆ ಅದರ ಪ್ರಮಾಣ ನೂರಕ್ಕೆ 0.5ನ್ನು ಮೀರುತ್ತದೆ, ಹೊರಗಿನ ಗಾಳಿಯಲ್ಲಿರುವುದು ಸುಮಾರು 0.04 ಮಾತ್ರ. ಮನುಷ್ಯನೊಬ್ಬನಿಗೆ ಗಂಟೆಗೆ 30 ಘನಮೀಟರ್ ಹೊಸ ಗಾಳಿ ದೊರೆತರೆ ಅದು 0.09ರ ಸುಮಾರಿನಲ್ಲಿ ನಿಲ್ಲುತ್ತದೆ. ಹಂಚಿನ ಸಂದುಗಳಿಂದ ಗಾಳಿ ಸದಾ ಸುಳಿಯುತ್ತಿದ್ದ ಹಳೆಯ ಮನೆಯಲ್ಲಿ ಈ ಲೆಕ್ಕದ ಅಗತ್ಯವೇ ಇರಲಿಲ್ಲ. ಮುಚ್ಚಿಗೆ ಹಾಕಿ ಗಾಜು ಬಿಗಿದ ಮೇಲೆ ಲೆಕ್ಕ ಹಾಕಲೇಬೇಕು.

ಆದರೆ ಬೂಷ್ಟಿನ ಲೆಕ್ಕ ಬೇರೆ. ಮಳೆಗಾಲದಲ್ಲಿ 22 ಡಿಗ್ರಿಯ ಹೊರಗಾಳಿಯ ಆರ್ದ್ರತೆ ನೂರಕ್ಕೆ 95 ಇದ್ದರೆ, ಅದರ ಪ್ರತಿ ಘನಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. ಇದೇ ಗಾಳಿ ಒಳಗೆ ಬಂದು 25 ಡಿಗ್ರಿಗೆ ಏರಿದರೂ ಆರ್ದ್ರತೆ 80ರ ಹತ್ತಿರವೇ ಉಳಿಯುತ್ತದೆ. ಬೂಷ್ಟಿಗೆ ಅಷ್ಟು ಸಾಕು. ಅದರ ಮೇಲೆ ನಮ್ಮ ಉಸಿರು, ಸ್ನಾನ, ಅಡಿಗೆ, ಒಳಗೆ ಹರವಿದ ಒದ್ದೆ ಬಟ್ಟೆ ಇವುಗಳ ಆವಿ ಸೇರುತ್ತದೆ. ಈ ಹೆಚ್ಚುವರಿ ಆವಿಯನ್ನು ಹೊರಹಾಕುವುದಷ್ಟೇ ವಾಯುಸಂಚಾರದಿಂದ ಸಾಧ್ಯ. ಹೊರಗಿಗಿಂತ ಒಣಗಿದ ಕೋಣೆಯನ್ನು ಅದು ಕೊಡಲಾರದು. ಮೇಲಾಗಿ, ಹೊರಹೋಗುವ ಆವಿಯಲ್ಲಿ ಸ್ವಲ್ಪ ಭಾಗ ತಣ್ಣನೆಯ ಜೇಡಿಯ ಗಟ್ಟಿಯ ಮೇಲೆ ನೀರಾಗಿ ನಿಂತು ಮರುನಿಮಿಷ ಒಳಗೇ ಮರಳಬಹುದು.

ನಮ್ಮ ಹಿರಿಯರು ಈ ತೊಡಕನ್ನು ಹೇಗೆ ಬಿಡಿಸಿದ್ದರು? ಒಲೆಯ ಮೇಲಿನ ಅಟ್ಟದಲ್ಲಿ. ಅದೇ ಹೊರಗಾಳಿ 30 ಡಿಗ್ರಿಗೆ ಕಾದಾಗ ಅದರ ಆರ್ದ್ರತೆ 60ರ ಸುಮಾರಿಗೆ ಇಳಿಯುತ್ತದೆ. ಕಾದ ಗಾಳಿ ಹಗುರವಾಗಿ ಮೇಲೇರಿ, ಅಟ್ಟದ ವಸ್ತುಗಳನ್ನು ಒಣಗಿಸಿ, ಹಂಚಿನ ಸಂದಿನಿಂದ ಹೊರಬೀಳುತ್ತಿತ್ತು. ಎಂದರೆ ಅವರು ಶಾಖವನ್ನೂ ಗಾಳಿಯ ಹರಿವನ್ನೂ ಒಟ್ಟಿಗೆ ಬಳಸಿದರು. ಹಾಗೆಂದು ಆ ಒಲೆಗೆ ಮರಳಬೇಕೆಂದು ನಾನು ಹೇಳುವುದಿಲ್ಲ. ಅಟ್ಟವನ್ನು ಕಾಯ್ದ ಆ ಹೊಗೆ ಅಡಿಗೆಮನೆಯ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿತು. ಹೊಗೆಯನ್ನು ಬಿಟ್ಟು ತತ್ತ್ವವನ್ನು ಉಳಿಸಿಕೊಳ್ಳುವುದೇ ಜಾಣತನ.

ಆದಕಾರಣ ಮನೆ ಹೊಸದು ಮಾಡಿಸುವವರಿಗೆ ನನ್ನ ಸಲಹೆ ಹೀಗಿದೆ. ಪ್ರತಿ ಮಲಗುವ ಕೋಣೆಯ ಒಂದು ಗೋಡೆಯಲ್ಲಿ ಸೂರಿನ ಆಸರೆಯಲ್ಲಿ ತಗ್ಗಿನ ಗವಾಕ್ಷಿ, ಎದುರು ಗೋಡೆಯಲ್ಲಿ ಮುಚ್ಚಿಗೆಗೆ ತಾಗಿದಂತೆ ಎತ್ತರದ ಗವಾಕ್ಷಿ ಇರಲಿ. ಎರಡಕ್ಕೂ ಸೊಳ್ಳೆಯ ಜಾಲರಿಯೂ ಮುಚ್ಚುವ ಬಾಗಿಲೂ ಇರಲಿ. ಆವಿ ಹುಟ್ಟುವ ಬಚ್ಚಲಿಗೂ ಅಡಿಗೆಮನೆಗೂ ಗಾಳಿ ಹೊರದೂಡುವ ಸಾಮಾನ್ಯ ಫ್ಯಾನು ಸಾಕು. ಆದರೆ ಅದರ ಬಾಯಿ ಮನೆಯ ಹೊರಗೆ ತೆರೆಯಬೇಕು. ಮುಚ್ಚಿಗೆಯ ಮೇಲಕ್ಕೆ ತೆರೆದರೆ ಮಾಡಿನ ಮರ ಕೊಳೆಯುತ್ತದೆ. ಬಚ್ಚಲಲ್ಲಿ ಸೌದೆಯ ಹಂಡೆಯ ಒಲೆಯಿದ್ದರೆ ಅದಕ್ಕೆ ಹೊಗೆಕೊಳವೆಯೂ ಹೊಸ ಗಾಳಿಯ ದಾರಿಯೂ ಬೇಕೇ ಬೇಕು. ಇಲ್ಲವಾದರೆ ಫ್ಯಾನು ಹೊಗೆಯನ್ನೇ ಒಳಗೆಳೆದೀತು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಬೆಚ್ಚಗೆ ಮಲಗುವುದಂತೂ ಪ್ರಾಣಕ್ಕೇ ಅಪಾಯ; ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಚ್ಚರ ಕೊಡದೆ ಕೊಲ್ಲುತ್ತದೆ. ಪುಸ್ತಕ, ಬಟ್ಟೆ, ಧಾನ್ಯಗಳ ಕೋಣೆಯೊಂದನ್ನು ಒಣಗಿಡಲೇಬೇಕಾದರೆ, ಉಷ್ಣ ಉಳಿಸುವ ಯಂತ್ರಕ್ಕಿಂತ ಗಾಳಿಯ ತೇವವನ್ನು ಹೀರಿ ನೀರಾಗಿಸುವ ಯಂತ್ರಕ್ಕೆ ಹಣ ಹಾಕುವುದು ಮೇಲು. ಅದು ನಡೆಯುವಾಗ ಮಾತ್ರ ಆ ಕೋಣೆಯನ್ನು ಮುಚ್ಚಿಡಬೇಕು.

ಮೊದಲ ಯಂತ್ರಕ್ಕೆ ಅನ್ಯಾಯವಾಗಬಾರದು. ರಸ್ತೆಯ ಸದ್ದು, ಧೂಳುಗಳಿಂದ ಕಿಟಕಿ ತೆರೆಯಲಾಗದ ಕೋಣೆಯಲ್ಲಿ ಅದರ ಶೋಧಕ ಉಪಯುಕ್ತ. ಹವಾನಿಯಂತ್ರಣದ ಕೋಣೆಗೆ, ಉಷ್ಣದೊಡನೆ ನೀರಾವಿಯನ್ನೂ ವಿನಿಮಯ ಮಾಡುವ ಪೊರೆಯುಳ್ಳ ಬಗೆ ಒಪ್ಪುತ್ತದೆ. ಹಿಮ ಬೀಳುವ ದೇಶದಲ್ಲಿ ನೆಲೆಸಿದ ನಮ್ಮವರ ಮನೆಗೆ ಅದು ತಕ್ಕುದೇ.

ವಿದ್ಯಾರ್ಥಿಗಳಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಈ ಚರ್ಚೆ ಎದ್ದರೆ ಎರಡು ಉಷ್ಣಮಾಪಕಗಳನ್ನು ತನ್ನಿರಿ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಎರಡಕ್ಕೂ ಬೀಸಣಿಗೆಯಿಂದ ಗಾಳಿ ಹಾಕಿ ಓದಿರಿ. ಒಣಗಿದ್ದು 25, ಒದ್ದೆಯದು 22.5 ತೋರಿಸಿದರೆ ಆರ್ದ್ರತೆ ನೂರಕ್ಕೆ 80ರ ಸುಮಾರು. ಮಳೆಗಾಲದ ಒಂದು ವಾರ, ಬೆಳಿಗ್ಗೆ ಮತ್ತು ರಾತ್ರಿ, ಒಳಗೂ ಹೊರಗೂ ಅಳೆದು ಬರೆದಿಟ್ಟು ಮನೆಯ ಹಿರಿಯರ ಮುಂದಿಡಿರಿ. ಯಾವ ಯಂತ್ರ ಬೇಕು, ಯಾವುದು ಬೇಡ ಎಂಬುದನ್ನು ಮಾರುವವನ ಮಾತಿಗಿಂತ ಆ ಅಂಕಿಗಳೇ ಚೆನ್ನಾಗಿ ಹೇಳುತ್ತವೆ.