ನಮ್ಮನ್ನು ಒಂದು ಮಾತು ಕೇಳಿದಿರಾ?

ಮೊನ್ನೆ ಪಕ್ಕದ ಮನೆಯ ಆರನೇ ತರಗತಿಯ ಹುಡುಗಿ ದಿನಪತ್ರಿಕೆಯ ಒಳಪುಟವೊಂದನ್ನು ಹಿಡಿದುಕೊಂಡು ಬಂದಳು. ಅರ್ಥ ಗೊತ್ತಿಲ್ಲದ ಐದು ಪದ ಹುಡುಕಿ ತನ್ನಿ ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಅವಳಿಗೆ ಐದೂ ಒಂದೇ ಪ್ರಕಟಣೆಯಲ್ಲಿ ಸಿಕ್ಕಿದ್ದವು: ಭೂ ಉಪಯೋಗ ಬದಲಾವಣೆ, ವಸತಿ ವಲಯ, ವಾಣಿಜ್ಯ ವಲಯ, ಆಕ್ಷೇಪಣೆ, ಸರ್ವೆ ನಂಬರು.

"ಆಂಟಿ, ಇದು ಕನ್ನಡವೇ ಅಲ್ವಾ?"

ಕನ್ನಡವೇ. ಆದರೆ ಯಾರೂ ಓದದಿರಲಿ ಎಂದೇ ಅಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದಂತಿರುವ ಕನ್ನಡ. ಕನ್ನಡಕ ಹಾಕಿಕೊಂಡು ನಾನೂ ಓದಿದೆ. ನಂತರ ಅವಳನ್ನೇ ಕೇಳಿದೆ, "ನಿಮ್ಮನೇಲಿ ಚಪ್ಪಲಿ ಎಲ್ಲಿ ಬಿಡ್ತೀರಿ?"

"ಬಾಗಿಲ ಹೊರಗೆ."

"ದೇವರ ಕೋಣೇಲಿ ಒದ್ದೆ ಬಟ್ಟೆ ಒಣಹಾಕ್ತೀರಾ?"

ಅವಳಿಗೆ ನಗು. "ಅಡುಗೆಮನೇಲಿ ಮಲಗ್ತೀರಾ?" ಎಂದರೆ, "ಚಿಕ್ಕಪ್ಪನ ಮದುವೇಲಿ ನೆಂಟರೆಲ್ಲ ಬಂದಿದ್ರಲ್ಲ, ಆಗ ಮಲಗಿದ್ವಿ. ಅಮ್ಮ ಒಪ್ಪಿದ್ರು" ಎಂದಳು.

ಅರ್ಧ ಪಾಠ ಅಲ್ಲೇ ಮುಗಿಯಿತು. ಊರಿಗೂ ಮನೆಯ ಹಾಗೆಯೇ ಕೋಣೆಗಳುಂಟು. ಇಲ್ಲಿ ಮನೆಗಳು, ಅಲ್ಲಿ ಅಂಗಡಿಗಳು, ದೂರದಲ್ಲಿ ಕಾರ್ಖಾನೆ. ಇವಕ್ಕೆ ವಲಯಗಳೆಂದು ಹೆಸರು. ಮನೆಗಳಿರಬೇಕಾದ ಕಡೆ ಯಾರಾದರೂ ಅಂಗಡಿ ಹಾಕುತ್ತೇನೆಂದರೆ ವಿಶೇಷ ಅನುಮತಿ ಬೇಕು. ಮಹಡಿಯ ಮೇಲೊಂದು ಟೈಲರ್ ಅಂಗಡಿಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಡುಗೆಮನೆಗೆ ಬಂದ ನೆಂಟ ಆನೆಯಾದರೆ?

ಅಂಥ ಆನೆಯೊಂದು ಅಮೆರಿಕದ ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ಗೆ ಬಂದಿತ್ತು. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಪಕ್ಕದ ಪುಟ್ಟ ನಗರ ಅದು. ಇಳಿಯುವ ವಿಮಾನಗಳು ಮನೆಗಳ ಮೇಲೆಯೇ ಹಾದುಹೋಗುತ್ತವೆ. ಆಗ ಅಲ್ಲಿನ ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಬಹುಪಾಲು ಕಪ್ಪು ಜನ ಮತ್ತು ಲ್ಯಾಟಿನೊ ಕುಟುಂಬಗಳು, ದುಡಿದು ತಿನ್ನುವವರು. ಅಲ್ಲಿನ ಹಾಲಿವುಡ್ ಪಾರ್ಕ್ ಎಂಬ ಕುದುರೆ ಪಂದ್ಯದ ಮೈದಾನದ ಪಕ್ಕ 60 ಎಕರೆ ಖಾಲಿ ಜಾಗವಿತ್ತು. ವಾಲ್‌ಮಾರ್ಟ್ ಕಂಪನಿ ಅಲ್ಲಿ ಸೊಪ್ಪಿನಿಂದ ಸೈಕಲ್‌ವರೆಗೆ ಎಲ್ಲವನ್ನೂ ಮಾರುವ ಬೃಹತ್ ಮಳಿಗೆಯನ್ನೂ ಜೊತೆಗೆ ಇತರ ಅಂಗಡಿಗಳನ್ನೂ ಕಟ್ಟಲು ಹೊರಟಿತು.

ಊರು ಎರಡಾಯಿತು. ಬೇಕು ಎಂದವರನ್ನು ಮೂರ್ಖರೆನ್ನಲಾಗದು. ಊರ ಹುಡುಗರಿಗೆ ಕೆಲಸ ಸಿಗುತ್ತದೆ, ಸಾಮಾನು ಅಗ್ಗವಾಗುತ್ತದೆ, ನಗರಸಭೆಗೆ ತೆರಿಗೆ ಬರುತ್ತದೆ ಎಂಬುದು ಅವರ ವಾದ. ಮೇಯರ್ ರೂಸ್‌ವೆಲ್ಟ್ ಡಾರ್ನ್ ಅವರೂ ಆ ಕಡೆಯೇ. ಅಕ್ಕಿ ನಾಲ್ಕು ರೂಪಾಯಿ ಕಡಿಮೆಗೆ ಸಿಗುತ್ತದೆಂದು ಎರಡು ಬಸ್ ಬದಲಾಯಿಸಿ ಹೋಗುವ ನನ್ನಂಥವಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಬೇಡ ಎಂದವರ ಚಿಂತೆಯೂ ಸಂಸಾರದ್ದೇ. ಸಣ್ಣ ಅಂಗಡಿಗಳು ಮುಚ್ಚುತ್ತವೆ, ವಾಹನ ದಟ್ಟಣೆ ಹೆಚ್ಚುತ್ತದೆ, ಈಗ ಒಳ್ಳೆಯ ಸಂಬಳ ಕೊಡುತ್ತಿರುವ ದಿನಸಿ ಮಳಿಗೆಗಳೂ ಪೈಪೋಟಿಯ ನೆಪ ಹೇಳಿ ಸಂಬಳ ಇಳಿಸುತ್ತವೆ. ಇದು ಬರಿಯ ಊಹೆಯಾಗಿರಲಿಲ್ಲ. ಆ ಭಾಗದ ದಿನಸಿ ಮಳಿಗೆಗಳ ಸಾವಿರಾರು ನೌಕರರು 2003ರ ಅಕ್ಟೋಬರಿನಿಂದ 2004ರ ಫೆಬ್ರವರಿವರೆಗೆ ಮುಷ್ಕರದ ಬೀದಿಯಲ್ಲಿದ್ದರು. ವಾಲ್‌ಮಾರ್ಟ್ ಬಂದರೆ ನಾವು ಉಳಿಯಬೇಕಲ್ಲ ಎಂಬುದು ಮಾಲೀಕರು ಮುಂದಿಟ್ಟ ಕಾರಣಗಳಲ್ಲಿ ಒಂದಾಗಿತ್ತು.

ಇಷ್ಟೇ ಆಗಿದ್ದರೆ ಅದು ಸಾಮಾನ್ಯ ಜಗಳ. ನಗರಸಭೆ ಎರಡೂ ಕಡೆಯವರನ್ನು ಕೂರಿಸಿ, ಅಹವಾಲು ಕೇಳಿ, ಏನೋ ಒಂದು ತೀರ್ಮಾನಿಸುತ್ತಿತ್ತು. ಕಂಪನಿ ಆ ದಾರಿಯನ್ನೇ ಬಿಟ್ಟಿತು.

ಕ್ಯಾಲಿಫೋರ್ನಿಯಾದಲ್ಲಿ ಒಂದು ಅಪರೂಪದ ಪದ್ಧತಿ ಇದೆ. ಸಾಕಷ್ಟು ಮತದಾರರ ಸಹಿ ಸಂಗ್ರಹಿಸಿದರೆ ಜನರೇ ಒಂದು ಕಾನೂನನ್ನು ಬರೆದು ಮತಕ್ಕೆ ಹಾಕಿಸಬಹುದು. ದೊಡ್ಡ ಕುಳಗಳ ಮಾತಿಗೆ ಸರ್ಕಾರ ತಲೆ ಆಡಿಸಿದಾಗ ಬಡಪಾಯಿ ಪ್ರಜೆಗೆ ಒಂದು ಅಸ್ತ್ರ ಇರಲಿ ಎಂದು 1911ರಲ್ಲಿ ತಂದದ್ದು. ಆ ಅಸ್ತ್ರವನ್ನು ಈಗ ದೊಡ್ಡ ಕುಳವೇ ಎತ್ತಿಕೊಂಡಿತು! ಸಹಿ ಸಂಗ್ರಹವಾಯಿತು. ಮತಕ್ಕೆ ಬಂದ ಪ್ರಸ್ತಾವ 71 ಪುಟ. ಅದರ ಸಾರ ಇಷ್ಟು: ಮಳಿಗೆ ಕಟ್ಟಬಹುದು, ಪರಿಸರದ ಮೇಲಾಗುವ ಪರಿಣಾಮದ ಪರಿಶೀಲನೆ ಬೇಕಿಲ್ಲ, ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ, ಮುಂದೆ ಇದನ್ನು ಬದಲಿಸಬೇಕಾದರೆ ಮೂರನೇ ಎರಡರಷ್ಟು ಮತ ಬೇಕು.

ಮನೆಗೆ ಬಂದ ನೆಂಟ, ಅಡುಗೆಮನೆಯಲ್ಲಿ ಮಲಗುತ್ತೇನೆ, ಅಮ್ಮನನ್ನು ಕೇಳುವುದಿಲ್ಲ, ಇನ್ನು ಮೇಲೂ ಕೇಳುವಂತಿಲ್ಲ ಎಂದ ಹಾಗಾಯಿತು. ಅಗ್ಗದ ಸಾಮಾನು ಬೇಕಾಗಿದ್ದ ಮನೆಗಳಲ್ಲೂ ಇದು ಕೆಲವರನ್ನು ಕೆರಳಿಸಿತು. ಚರ್ಚುಗಳ ಪಾದ್ರಿಗಳು, ಕಾರ್ಮಿಕ ಸಂಘಗಳು, ಸಂಸದೆ ಮ್ಯಾಕ್ಸೀನ್ ವಾಟರ್ಸ್ ವಿರೋಧಕ್ಕೆ ನಿಂತರು. ಕಂಪನಿ ಪ್ರಚಾರಕ್ಕೆ 10 ಲಕ್ಷ ಡಾಲರಿಗೂ ಹೆಚ್ಚು ಸುರಿಯಿತು. 2004ರ ಏಪ್ರಿಲ್ 6ರಂದು ಮತದಾನ ನಡೆದಾಗ ನೂರಕ್ಕೆ 60ಕ್ಕೂ ಹೆಚ್ಚು ಮಂದಿ 'ಬೇಡ' ಎಂದರು.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ 60 ಎಕರೆಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ ಅದನ್ನು ಫುಟ್‌ಬಾಲ್ ತಂಡವೊಂದರ ಮಾಲೀಕ ಸ್ಟ್ಯಾನ್ ಕ್ರೊಂಕಿ ಕೊಂಡುಕೊಂಡರು. ಅವರ ಹೆಂಡತಿ ವಾಲ್‌ಮಾರ್ಟ್ ಸ್ಥಾಪಿಸಿದ ವಾಲ್ಟನ್ ಮನೆತನದ ಮಗಳು. ಲೋಕ ಎಷ್ಟು ಚಿಕ್ಕದು ನೋಡಿ. ಈ ಸಲ ಅಂಗಡಿಯಲ್ಲ, ದೊಡ್ಡ ಕ್ರೀಡಾಂಗಣ. ಮತ್ತೆ ಅದೇ ಸಹಿ ಸಂಗ್ರಹ. ಅಷ್ಟು ಸಹಿ ಬಂದ ಮೇಲೆ ಪ್ರಸ್ತಾವವನ್ನು ಮತಕ್ಕೆ ಹಾಕದೆ ನಗರಸಭೆಯೇ ನೇರವಾಗಿ ಒಪ್ಪಿಬಿಡಲು ಆಗ ಕಾನೂನಿನಲ್ಲಿ ದಾರಿ ಇತ್ತು. 2015ರ ಫೆಬ್ರವರಿಯಲ್ಲಿ ನಗರಸಭೆಯ ಐವರೂ ಕೈ ಎತ್ತಿದರು. ಜನರ ಮತವೂ ಇಲ್ಲ, ಪರಿಸರ ಪರಿಶೀಲನೆಯೂ ಇಲ್ಲ. 2020ರಲ್ಲಿ ತೆರೆದ ಆ ಸೋಫೈ ಕ್ರೀಡಾಂಗಣ ಈಗ ಜಗತ್ಪ್ರಸಿದ್ಧ. ಇಂಗಲ್‌ವುಡ್‌ನ ಹೆಸರು ಬೆಳಗಿತು, ಜೊತೆಗೆ ಮನೆ ಬಾಡಿಗೆಯೂ ಏರಿತು. 2019ರಲ್ಲಿ ಬಾಡಿಗೆ ಏರಿಕೆಗೆ ಮಿತಿ ಹಾಕಲು ನಗರಸಭೆಯೇ ನಿಯಮ ತರಬೇಕಾಯಿತು. ಕ್ರೀಡಾಂಗಣ ಬೇಕೇ ಎಂದು ಕೇಳಿದ್ದರೆ ಜನ ಸಂತೋಷದಿಂದ ಹೂಂ ಎನ್ನುತ್ತಿದ್ದರೋ ಏನೋ. ಕೇಳಲಿಲ್ಲ.

ಹುಡುಗಿ ಸುಮ್ಮನೆ ಕೇಳಿಸಿಕೊಂಡಿದ್ದಳು. "ನಮ್ಮಲ್ಲಿ ಕೇಳ್ತಾರಾ ಆಂಟಿ?"

ಕೇಳುತ್ತಾರೆ. ಅವಳ ಕೈಯಲ್ಲಿದ್ದ ಕಾಗದವೇ ಆ ಕೇಳುವಿಕೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಜಾಗದ ಉಪಯೋಗ ಬದಲಿಸುವ ಮುನ್ನ ಆ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆ ಸಲ್ಲಿಸಲು ಕನಿಷ್ಠ 15 ದಿನ ಕೊಡಬೇಕು. ವಕೀಲರೇ ಆಗಬೇಕೆಂದಿಲ್ಲ. ಸರ್ವೆ ನಂಬರು ಬರೆದು, ನೀರು, ರಸ್ತೆ, ಮಕ್ಕಳು ಶಾಲೆಗೆ ಹೋಗುವ ದಾರಿ, ಯಾವುದಕ್ಕೆ ತೊಂದರೆ ಎಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ಸ್ವೀಕೃತಿ ಪಡೆದರೆ ಆಯಿತು. ಒಪ್ಪಿಗೆ ಇದ್ದರೆ ಅದನ್ನೂ ಬರೆಯಬಹುದು. ನಾವು ಮಾಡುವುದೇನೆಂದರೆ ಆ ಪುಟವನ್ನು ಡಬ್ಬಿಗಳ ಕೆಳಗೆ ಹಾಸುತ್ತೇವೆ. ನನ್ನ ಅಡುಗೆಮನೆಯ ಕಪಾಟಿನಲ್ಲಿ ಎಷ್ಟು ಊರುಗಳ ಭವಿಷ್ಯ ಬಿದ್ದಿದೆಯೋ!

ಅವಳು ಪ್ರಕಟಣೆಯ ತಾರೀಖು ನೋಡಿ ಬೆರಳಿನಲ್ಲಿ ಎಣಿಸಿದಳು. "ಇನ್ನೂ ಆರು ದಿನ ಇದೆ." ಮತ್ತೆ ಮೂಗನ್ನು ಕಾಗದಕ್ಕೆ ತಾಗಿಸಿ ಪೂರ್ವಕ್ಕೆ, ಪಶ್ಚಿಮಕ್ಕೆ ಎಂದು ಚೆಕ್ಕುಬಂದಿ ಓದತೊಡಗಿದವಳು ತಟ್ಟನೆ ತಲೆ ಎತ್ತಿದಳು.

"ಆಂಟಿ, ಇದು ನಾವು ಲಗೋರಿ ಆಡೋ ಬಯಲು!"

ಪುಟ ಮಡಚಿಕೊಂಡು, ಅಪ್ಪನಿಗೆ ತೋರಿಸ್ತೀನಿ ಎಂದು ಓಡಿದಳು. ಐದು ಪದಗಳ ಅರ್ಥ ಬರೆದುಕೊಳ್ಳುವುದು ಮರೆತೇ ಹೋಗಿತ್ತು.